ಏಳೂವರೆಯ ವ್ಯಾನು: ಮಂಡ್ಯದ ಮಕ್ಕಳು ಊರು ಬಿಡುವುದು ಯಾವ ವಯಸ್ಸಿನಲ್ಲಿ?

ಸರ್ಕಾರಿ ಶಾಲೆಗಳ ಕುರಿತು ಈಚೆಗೆ ಬರುತ್ತಿರುವ ಸುದ್ದಿಗಳನ್ನು ಒಟ್ಟಿಗೆ ಇಟ್ಟುಕೊಂಡು ಓದಿದವರಿಗೆ ಗೊಂದಲವಾಗುವುದು ಸಹಜ. ನೂರಾರು ಶಾಲೆಗಳು ಕರ್ನಾಟಕ ಪಬ್ಲಿಕ್ ಶಾಲೆಗಳಾಗಿ ಮೇಲ್ದರ್ಜೆಗೇರುತ್ತವೆ ಎಂಬ ಪ್ರಕಟಣೆ ಒಂದು ದಿನ ಬರುತ್ತದೆ. ಇದರಿಂದ ಸುತ್ತಲಿನ ಸಣ್ಣ ಶಾಲೆಗಳಿಗೆ ಬೀಗ ಬೀಳುತ್ತದೆ ಎಂದು ಮತ್ತೊಂದು ದಿನ ಪ್ರತಿಭಟನೆ ನಡೆಯುತ್ತದೆ. ಯಾವ ಶಾಲೆಯನ್ನೂ ಮುಚ್ಚುವುದಿಲ್ಲ ಎಂಬ ಸ್ಪಷ್ಟನೆ ಅದರ ಬೆನ್ನಿಗೇ ಬರುತ್ತದೆ. ಮಂಡ್ಯ ಜಿಲ್ಲೆಯ ಹಳ್ಳಿಗಳಲ್ಲಿ ಈ ಗೊಂದಲಕ್ಕೆ ಇನ್ನೊಂದು ಮುಖವಿದೆ. ನಮ್ಮೂರ ಶಾಲೆ ಉಳಿಸಿಕೊಡಿ ಎಂದು ಮನವಿ ಪತ್ರಕ್ಕೆ ಸಹಿ ಹಾಕುವ ಊರಿನ ಅರಳಿಕಟ್ಟೆಯ ಬಳಿಯೇ, ಬೆಳಗ್ಗೆ ಏಳೂವರೆಗೆ, ಸಮವಸ್ತ್ರ ತೊಟ್ಟ ಪುಟ್ಟ ಮಕ್ಕಳು ಖಾಸಗಿ ಶಾಲೆಯ ಹಳದಿ ವ್ಯಾನಿಗೆ ಕಾಯುತ್ತಾ ನಿಂತಿರುತ್ತಾರೆ.

ಹಳ್ಳಿಯ ಮಗು ಎಸ್ಸೆಸ್ಸೆಲ್ಸಿ ಮುಗಿಸಿ, ಪೇಟೆಯ ಥಳಕು ಕಂಡು, ಪಟ್ಟಣದ ಕನಸು ಕಟ್ಟಿಕೊಳ್ಳುತ್ತದೆ ಎಂಬುದು ನಮ್ಮ ಹಳೆಯ ನಂಬಿಕೆ. ಆ ನಂಬಿಕೆಯನ್ನು ಇಟ್ಟುಕೊಂಡು ಈ ಸುದ್ದಿಗಳನ್ನು ಬಿಡಿಸಿಕೊಳ್ಳಲು ಆಗುವುದಿಲ್ಲ. ಮಂಡ್ಯದಂಥ ಜಿಲ್ಲೆಯಲ್ಲಿ ಊರು ಬಿಡುವ ಕ್ರಿಯೆ ಈಗ ಎಲ್‌ಕೆಜಿಯಲ್ಲಿಯೇ ಆರಂಭವಾಗುತ್ತದೆ, ಮತ್ತು ಅದು ಮಗುವಿನ ಕನಸಾಗುವುದಕ್ಕೂ ಮುಂಚೆ ಮನೆಯ ಹಿರಿಯರ ಲೆಕ್ಕಾಚಾರವಾಗಿರುತ್ತದೆ.

ಸುದ್ದಿಯ ಹಿಂದಿನ ಯೋಜನೆ

ಕರ್ನಾಟಕ ಪಬ್ಲಿಕ್ ಶಾಲೆ ಹೊಸ ಕಲ್ಪನೆಯೇನಲ್ಲ. ಪೂರ್ವ ಪ್ರಾಥಮಿಕದಿಂದ ದ್ವಿತೀಯ ಪಿಯುಸಿಯವರೆಗೆ ಒಂದೇ ಆವರಣದಲ್ಲಿ ಕಲಿಸುವ ವ್ಯವಸ್ಥೆಯಾಗಿ ಅದು 2018-19ರಲ್ಲಿ ಆರಂಭವಾಯಿತು. 2025ರ ಮಾರ್ಚ್‌ನಲ್ಲಿ ಮಂಡನೆಯಾದ ರಾಜ್ಯ ಬಜೆಟ್, ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವು ಪಡೆದು 2,500 ಕೋಟಿ ರೂಪಾಯಿ ವೆಚ್ಚದಲ್ಲಿ ಇಂಥ ಇನ್ನೂ 500 ಶಾಲೆಗಳನ್ನು ರೂಪಿಸುವುದಾಗಿ ಹೇಳಿದ ಮೇಲೆ ಚರ್ಚೆ ಕಾವೇರಿತು.

ಯೋಜನೆಯ ಪರವಾಗಿರುವವರ ವಾದ ಸರಳವಾಗಿದೆ. ಹತ್ತು ಹನ್ನೆರಡು ಮಕ್ಕಳಿರುವ ಶಾಲೆಯಲ್ಲಿ ಒಬ್ಬರೋ ಇಬ್ಬರೋ ಶಿಕ್ಷಕರು ಐದು ತರಗತಿಗಳನ್ನು ನೋಡಿಕೊಳ್ಳಬೇಕು. ಅಲ್ಲಿ ಪ್ರಯೋಗಾಲಯ, ಗ್ರಂಥಾಲಯ, ಆಟದ ಮೈದಾನ, ವಿಷಯವಾರು ಶಿಕ್ಷಕರು ಎಲ್ಲವನ್ನೂ ಒದಗಿಸುವುದು ಯಾವ ಸರ್ಕಾರಕ್ಕೂ ಆಗದ ಮಾತು. ಆದ್ದರಿಂದ ನಾಲ್ಕಾರು ಊರಿಗೆ ಒಂದು ದೊಡ್ಡ ಶಾಲೆ ಮಾಡಿ ಎಲ್ಲವನ್ನೂ ಅಲ್ಲಿಯೇ ಕೊಡುವುದು ಮೇಲು. ಇದಕ್ಕೆ ಮ್ಯಾಗ್ನೆಟ್ ಶಾಲೆ ಎಂಬ ಹೆಸರೂ ಇದೆ, ವಿರೋಧಿಸುವವರು ಆ ಹೆಸರನ್ನೇ ಹಿಡಿದು ಮಾತನಾಡುತ್ತಾರೆ. ಅಯಸ್ಕಾಂತದಂತೆ ಅದು ಸುತ್ತಲಿನ ಮಕ್ಕಳನ್ನು ಸೆಳೆದುಕೊಂಡ ಮೇಲೆ ಊರೂರಿನ ಶಾಲೆಗಳು ತಾವಾಗಿಯೇ ಬರಿದಾಗುತ್ತವೆ, ಮುಚ್ಚಲು ಬೇರೆ ಆದೇಶವೇ ಬೇಕಾಗುವುದಿಲ್ಲ ಎಂಬುದು ಅವರ ಆತಂಕ. ಶಿಕ್ಷಣ ಹಕ್ಕು ಕಾಯ್ದೆಯ ನಿಯಮಗಳು ಐದನೇ ತರಗತಿಯವರೆಗಿನ ಮಗುವಿಗೆ ಒಂದು ಕಿಲೋಮೀಟರ್, ಎಂಟನೇ ತರಗತಿಯವರೆಗಿನ ಮಗುವಿಗೆ ಮೂರು ಕಿಲೋಮೀಟರ್ ಒಳಗೆ ಶಾಲೆ ಇರಬೇಕೆಂದು ಹೇಳುವುದನ್ನು ಅವರು ನೆನಪಿಸುತ್ತಾರೆ.

ಎರಡೂ ವಾದಗಳಲ್ಲಿ ಹುರುಳಿದೆ. ಆದರೆ ಎರಡೂ ಒಂದೇ ಕಲ್ಪನೆಯ ಮೇಲೆ ನಿಂತಿವೆ: ಮಕ್ಕಳು ಊರ ಶಾಲೆಯಲ್ಲಿದ್ದಾರೆ, ಅವರನ್ನು ಎಲ್ಲಿಗೆ ಕಳುಹಿಸಬೇಕು ಎಂಬುದಷ್ಟೇ ತೀರ್ಮಾನವಾಗಬೇಕು. ಆ ಮಕ್ಕಳಲ್ಲಿ ಅನೇಕರು ಹೊರಟು ಬಹಳ ದಿನವಾಯಿತು.

ನೀರಿರುವ ಜಿಲ್ಲೆಯ ವಿಚಿತ್ರ ಲೆಕ್ಕ

ಬರದ ನಾಡಿನಿಂದ ಜನ ವಲಸೆ ಹೋದರೆ ಯಾರಿಗೂ ಆಶ್ಚರ್ಯವಾಗುವುದಿಲ್ಲ. ಮಂಡ್ಯದ ವಿಚಾರ ಹಾಗಲ್ಲ. 1911ರಲ್ಲಿ ಕಾಮಗಾರಿ ಆರಂಭವಾದ ಕನ್ನಂಬಾಡಿ ಕಟ್ಟೆ, ಅದರಿಂದ ಹರಿದ ವಿಶ್ವೇಶ್ವರಯ್ಯ ನಾಲೆ, 1933ರಲ್ಲಿ ಸ್ಥಾಪನೆಯಾದ ಮೈಸೂರು ಸಕ್ಕರೆ ಕಂಪನಿ, ಇವೆಲ್ಲ ಸೇರಿ ಈ ಸೀಮೆಯನ್ನು ಹಸಿರಾಗಿಸಿದವು. 1939ರಲ್ಲಿ ಮೈಸೂರಿನಿಂದ ಬೇರೆಯಾಗಿ ಮಂಡ್ಯ ಜಿಲ್ಲೆ ರೂಪುಗೊಂಡದ್ದೂ ಈ ಬದಲಾವಣೆಯ ನಡುವೆಯೇ. ಇಂಥ ಜಿಲ್ಲೆಯ ಜನಸಂಖ್ಯೆ 2001ರಲ್ಲಿ 17,63,705 ಇದ್ದದ್ದು 2011ರಲ್ಲಿ 18,05,769 ಆಯಿತು. ಅಂದರೆ ಹತ್ತು ವರ್ಷದ ಬೆಳವಣಿಗೆ ಶೇ 2.38 ಮಾತ್ರ. ಅದೇ ಅವಧಿಯಲ್ಲಿ ರಾಜ್ಯದ ಜನಸಂಖ್ಯೆ ಸುಮಾರು ಶೇ 15.6ರಷ್ಟು, ಬೆಂಗಳೂರು ನಗರ ಜಿಲ್ಲೆಯದು ಶೇ 47ರಷ್ಟು ಬೆಳೆಯಿತು. ಮೈಸೂರು ಜಿಲ್ಲೆ ಕೂಡ ಶೇ 13ಕ್ಕೂ ಹೆಚ್ಚು ಬೆಳೆದಿತ್ತು.

ಚಿಕ್ಕ ಕುಟುಂಬಗಳ ಪದ್ಧತಿ ಬಂದದ್ದು ಈ ಅಂಕಿಗೆ ಒಂದು ಕಾರಣ. ಆದರೆ ಜನನ ಪ್ರಮಾಣ ತಗ್ಗಿದ್ದರಿಂದಲೇ ಬೆಳವಣಿಗೆ ಇಷ್ಟು ಕೆಳಗೆ ಇಳಿಯಿತು ಎನ್ನಲಾಗದು. ಊರು ಬಿಟ್ಟವರ ಲೆಕ್ಕ ಈ ಎರಡೂವರೆಯೂ ತುಂಬದ ಶೇಕಡಾವಾರಿನಲ್ಲಿ ಅಡಗಿದೆ.

ನೀರಿದ್ದೂ ಜನ ಹೋಗುವುದೇಕೆ? ನಾಲೆಯ ನೀರು ಬೆಳೆ ಹೆಚ್ಚಿಸಿತು, ನೆಲವನ್ನು ಹೆಚ್ಚಿಸಲಿಲ್ಲ. ಅಜ್ಜನಿಗೆ ನಾಲೆ ಬಂದಾಗ ಸಿಕ್ಕಿದ ಗದ್ದೆ ಮಕ್ಕಳಿಗೆ ಪಾಲಾಗಿ, ಮೊಮ್ಮಕ್ಕಳಿಗೆ ಮತ್ತೆ ಪಾಲಾಗಿ, ಪಹಣಿಯಲ್ಲಿ ಎಕರೆಯ ಬದಲು ಗುಂಟೆಯ ಲೆಕ್ಕಕ್ಕೆ ಬಂದು ನಿಂತಿದೆ. 2015-16ರ ಕೃಷಿ ಗಣತಿಯ ಪ್ರಕಾರ ರಾಜ್ಯದ ಸರಾಸರಿ ಹಿಡುವಳಿ 1.36 ಹೆಕ್ಟೇರ್. ದಟ್ಟ ನೀರಾವರಿಯ ಮಂಡ್ಯದಲ್ಲಿ ಬಹುಪಾಲು ಹಿಡುವಳಿಗಳು ಒಂದು ಹೆಕ್ಟೇರಿಗೂ ಕಡಿಮೆ. ಇಬ್ಬರು ಮಕ್ಕಳಿರುವ ಮನೆಯಲ್ಲಿ ಒಬ್ಬನಾದರೂ ಹೊರಗೆ ಹೋಗಿ ದುಡಿಯದಿದ್ದರೆ ಇನ್ನೊಬ್ಬನಿಗೆ ಬೇಸಾಯ ಉಳಿಯುವುದಿಲ್ಲ. ಹೀಗೆ ಹಳ್ಳಿಯಲ್ಲಿ ಒಬ್ಬ ಉಳಿಯಬೇಕಾದರೂ ಇನ್ನೊಬ್ಬ ಹೊರಡಲೇಬೇಕಾಗುತ್ತದೆ.

ಕಬ್ಬಿನ ಹಣ ಬರುವ ತಿಂಗಳು, ಶುಲ್ಕ ಕಟ್ಟುವ ತಿಂಗಳು

ಕಬ್ಬು ಹೆಚ್ಚುಕಡಿಮೆ ಒಂದು ವರ್ಷದ ಬೆಳೆ. ಕಟಾವಿನ ಸರದಿ ಕಾರ್ಖಾನೆಯ ಕೈಯಲ್ಲಿರುತ್ತದೆ; ಒಪ್ಪಿಗೆ ಸಿಗುವುದು ತಡವಾದಷ್ಟೂ ಗದ್ದೆಯಲ್ಲಿಯೇ ಕಬ್ಬು ಒಣಗಿ ತೂಕ ಕಳೆದುಕೊಳ್ಳುತ್ತದೆ. ಕಬ್ಬು ಪೂರೈಸಿದ 14 ದಿನಗಳಲ್ಲಿ ಹಣ ಪಾವತಿಯಾಗಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಬಾಕಿ ಹಣಕ್ಕಾಗಿ ರೈತರು ಕಾರ್ಖಾನೆ ಬಾಗಿಲಲ್ಲಿ ಧರಣಿ ಕೂರುವ ಸುದ್ದಿ ಮಂಡ್ಯದ ಓದುಗರಿಗೆ ಹೊಸದಲ್ಲವಾದ್ದರಿಂದ ಆ ನಿಯಮದ ಪಾಲನೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ಶೇ 10.25ರ ಸಕ್ಕರೆ ಇಳುವರಿಗೆ ಟನ್ನಿಗೆ 3,550 ರೂಪಾಯಿ ನ್ಯಾಯಸಮ್ಮತ ಬೆಲೆ ಗೊತ್ತುಪಡಿಸಿದೆ. ಆದರೆ ಕಟಾವು ಮತ್ತು ಸಾಗಣೆಯ ವೆಚ್ಚ ಕಳೆದ ಮೇಲೆಯೇ ರೈತನ ಕೈಗೆ ಹಣ ಬರುತ್ತದೆ.

ಇದರ ಜೊತೆಗೆ ನೀರಿನ ಅನಿಶ್ಚಿತತೆ ಸೇರಿಕೊಂಡಿದೆ. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದ ವರ್ಷ, ತಮಿಳುನಾಡಿಗೆ ನೀರು ಬಿಡುವುದನ್ನು ವಿರೋಧಿಸಿ ಸೆಪ್ಟೆಂಬರ್‌ನಲ್ಲಿ ಮಂಡ್ಯ ಬಂದ್ ಆಯಿತು. ಅಂಥ ವರ್ಷದಲ್ಲಿ ನಾಲೆಯ ಕೊನೆಯ ಭಾಗದ ರೈತ ಭತ್ತ ನಾಟಿ ಮಾಡುವುದೋ ಬೇಡವೋ ಎಂದು ಆಣೆಕಟ್ಟೆಯ ಅಡಿಗಳ ಲೆಕ್ಕ ಓದುತ್ತಾ ಕುಳಿತಿರುತ್ತಾನೆ. ಕನ್ನಂಬಾಡಿಯ ಗರಿಷ್ಠ ಮಟ್ಟ 124.80 ಅಡಿ ಎಂಬುದು ಮಂಡ್ಯದ ಮಕ್ಕಳಿಗೆ ಮಗ್ಗಿಯ ಹಾಗೆ ಬಾಯಿಪಾಠವಾಗಿರುವುದಕ್ಕೆ ಮನೆಯಲ್ಲಿ ನಡೆಯುವ ಈ ಮಾತುಕತೆಯೇ ಕಾರಣ.

ಶಾಲೆಯ ಶುಲ್ಕ ಕಟ್ಟುವ ದಿನ ಮಾತ್ರ ಜೂನ್ ತಿಂಗಳಲ್ಲಿ ತಪ್ಪದೆ ಬರುತ್ತದೆ. ಆ ದಿನ ಕೈಸಾಲಕ್ಕೆ ಹೋಗುವ ತಂದೆಯನ್ನೂ, ಬೆಂಗಳೂರಿನಲ್ಲಿ ಚಿಕ್ಕ ಕೆಲಸದಲ್ಲಿದ್ದು ತಿಂಗಳ ಮೊದಲ ವಾರದಲ್ಲಿ ಸಂಬಳ ಪಡೆಯುವ ಚಿಕ್ಕಪ್ಪನನ್ನೂ ಮಗು ಒಟ್ಟಿಗೆ ನೋಡುತ್ತದೆ. ಎತ್ತರದ ಕಟ್ಟಡ, ಮಾಲು, ಮೆಟ್ರೊ ಇವು ಆ ಮಗುವಿನ ಕನಸಿನಲ್ಲಿ ಇಲ್ಲವೆಂದಲ್ಲ. ಆದರೆ ಕನಸಿನ ತಿರುಳು ‘ಸಂಬಳ’ ಎಂಬ ಒಂದು ಪದದಲ್ಲಿದೆ. ಬೇಸಾಯದ ವರಮಾನ ಕೆಲವು ವರ್ಷ ಸಂಬಳಕ್ಕಿಂತ ಹೆಚ್ಚೇ ಇರಬಹುದು, ಅದು ಯಾವ ತಾರೀಕಿಗೆ ಬರುತ್ತದೆಂದು ಮಾತ್ರ ಯಾರೂ ಹೇಳಲಾರರು.

ಶಾಲೆಯೇ ಕಲಿಸಿದ ಪಾಠ

‘ಓದದಿದ್ದರೆ ದನ ಕಾಯೋಕೆ ಹೋಗು’ ಎಂಬ ಬೈಗುಳ ಕೇಳದೆ ಹಳ್ಳಿಶಾಲೆ ಮುಗಿಸಿದವರು ಅಪರೂಪ. ಮನೆಯಲ್ಲಿ ಅದರ ಮೃದುವಾದ ರೂಪವಿದೆ: ‘ನಮ್ಮ ಕಷ್ಟ ನಿಮಗೆ ಬೇಡ.’ ಎರಡೂ ಮಾತು ಸೇರಿ ಮಗುವಿನ ತಲೆಯಲ್ಲಿ ಒಂದು ಸಮೀಕರಣ ಬರೆಯುತ್ತವೆ. ಓದುವುದೆಂದರೆ ಊರು ಬಿಡುವುದು, ಊರಲ್ಲಿ ಉಳಿಯುವುದೆಂದರೆ ಸೋಲುವುದು. ಬೇಸಾಯವನ್ನು ಶಿಕ್ಷೆಯೆಂದು ಹತ್ತು ವರ್ಷ ಹೇಳಿಕೊಟ್ಟು, ಹನ್ನೊಂದನೆಯ ವರ್ಷ ಯುವಕರು ಕೃಷಿಗೆ ಬರುತ್ತಿಲ್ಲವೆಂದು ವಿಚಾರ ಸಂಕಿರಣ ಏರ್ಪಡಿಸುವ ಪದ್ಧತಿ ನಮ್ಮಲ್ಲಿದೆ.

ಈ ಸಮೀಕರಣಕ್ಕೆ ಇಂಗ್ಲಿಷ್ ಸೇರಿಕೊಂಡಾಗ ವ್ಯಾನು ಊರಿಗೆ ಬಂತು. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮವಾಗಿರಬೇಕೆಂದು ರಾಜ್ಯ 1994ರಲ್ಲಿ ಹೊರಡಿಸಿದ್ದ ಭಾಷಾ ನೀತಿಯನ್ನು ಖಾಸಗಿ ಶಾಲೆಗಳ ಮೇಲೆ ಹೇರಲಾಗದು ಎಂದು ಸುಪ್ರೀಂ ಕೋರ್ಟ್ 2014ರ ಮೇ ತಿಂಗಳಲ್ಲಿ ತೀರ್ಪು ನೀಡಿತು. ಮಾಧ್ಯಮದ ಆಯ್ಕೆ ಪೋಷಕರದ್ದು ಎಂದಾದ ಮೇಲೆ ಆಯ್ಕೆ ಯಾವ ಕಡೆ ವಾಲಿತೆಂಬುದು ಎಲ್ಲರಿಗೂ ಗೊತ್ತು. ಶಿಕ್ಷಣ ಹಕ್ಕು ಕಾಯ್ದೆಯಡಿ ಖಾಸಗಿ ಶಾಲೆಗಳಲ್ಲಿ ಶೇ 25ರಷ್ಟು ಸೀಟುಗಳನ್ನು ಬಡ ಮಕ್ಕಳಿಗೆ ಕೊಡುತ್ತಿದ್ದುದರಿಂದ ಸರ್ಕಾರಿ ಶಾಲೆಗಳು ಬರಿದಾಗುತ್ತಿವೆ ಎಂದು ಹೇಳಿ, ನೆರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇರುವಲ್ಲಿ ಆ ಸೀಟುಗಳು ಸಿಗದಂತೆ 2019-20ರಿಂದ ನಿಯಮ ಬದಲಾಯಿತು. ಉಚಿತ ಸೀಟು ನಿಂತರೂ ವ್ಯಾನು ನಿಲ್ಲಲಿಲ್ಲ. ಪೋಷಕರು ಹಣ ಕೊಟ್ಟೇ ಕಳುಹಿಸತೊಡಗಿದರು. ಅದೇ ವರ್ಷ ಸರ್ಕಾರಿ ಶಾಲೆಗಳಲ್ಲಿಯೂ ಇಂಗ್ಲಿಷ್ ಮಾಧ್ಯಮದ ವಿಭಾಗಗಳು ಆರಂಭವಾದವು, ಆದರೆ ಎಲ್‌ಕೆಜಿಗೇ ಹೊರಗೆ ಹೋದ ಮಗು ಒಂದನೇ ತರಗತಿಗೆಂದು ಹಿಂದಿರುಗಿ ಬರುವುದು ಕಷ್ಟ.

ಇಲ್ಲಿ ಒಂದು ವ್ಯಂಗ್ಯವಿದೆ. ಒಂದೇ ಕೊಠಡಿಯಲ್ಲಿ ಬೇರೆ ಬೇರೆ ತರಗತಿಯ ಮಕ್ಕಳನ್ನು ಕೂರಿಸಿ, ಅವರವರ ವೇಗಕ್ಕೆ ತಕ್ಕಂತೆ ಕಲಿಸುವ ‘ನಲಿ ಕಲಿ’ ಪದ್ಧತಿ ಹುಟ್ಟಿದ್ದು ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, 1995ರಲ್ಲಿ. ಸಣ್ಣ ಶಾಲೆಯ ಕೊರತೆಯನ್ನೇ ಗುಣವಾಗಿ ತಿರುಗಿಸಿದ ಆ ಪ್ರಯೋಗ ಇಡೀ ರಾಜ್ಯಕ್ಕೆ ಹರಡಿತು. ಕಿಟಕಿಯ ಹೊರಗೆ ನಿಂತು ನೋಡಿದ ಪೋಷಕರಿಗೆ ಮಾತ್ರ ಕಂಡದ್ದು ಮೂರು ತರಗತಿಗೆ ಒಬ್ಬ ಮೇಷ್ಟ್ರು, ನೆಲದ ಮೇಲೆ ಕುಳಿತ ಮಕ್ಕಳು. ವ್ಯಾನು ಹೋಗುವ ಶಾಲೆಯಲ್ಲಿ ಬೆಂಚು ಇರುತ್ತದೆ, ಕತ್ತಿಗೆ ಟೈ ಇರುತ್ತದೆ. ಕಲಿಕೆ ಎಲ್ಲಿ ಚೆನ್ನಾಗಿದೆ ಎಂಬ ಪ್ರಶ್ನೆಯನ್ನು ಬೆಂಚು ಮತ್ತು ಟೈ ತೀರ್ಮಾನಿಸಿದವು.

ಗಂಡಿಗೆ ಹೆಣ್ಣು, ಹೆಣ್ಣಿಗೆ ನೆಲ

2023ರ ಫೆಬ್ರುವರಿಯಲ್ಲಿ ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಅವಿವಾಹಿತ ಯುವಕರು ಪಾದಯಾತ್ರೆ ಹೊರಟರು. ಮಾದಪ್ಪನಲ್ಲಿ ಅವರ ಬೇಡಿಕೆ ಒಂದೇ, ಮದುವೆಗೆ ಹೆಣ್ಣು. ಅದಕ್ಕೂ ಕೆಲವು ತಿಂಗಳ ಹಿಂದೆ ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯಲ್ಲಿ ನಡೆದ ವಧು-ವರರ ಸಮಾವೇಶಕ್ಕೆ ಸಾವಿರಾರು ಗಂಡುಗಳು ಬಂದರೆ ಹೆಣ್ಣುಗಳ ನೋಂದಣಿ ಕೆಲವೇ ನೂರರಲ್ಲಿತ್ತು. ಆ ವರ್ಷದ ವಿಧಾನಸಭಾ ಚುನಾವಣೆಯಲ್ಲಿ, ರೈತರ ಮಕ್ಕಳನ್ನು ಮದುವೆಯಾಗುವ ಹೆಣ್ಣುಮಕ್ಕಳಿಗೆ ಎರಡು ಲಕ್ಷ ರೂಪಾಯಿ ಕೊಡುವ ಭರವಸೆಯನ್ನು ಎಚ್.ಡಿ. ಕುಮಾರಸ್ವಾಮಿ ನೀಡಿದರು. ಪತ್ರಿಕೆಗಳು ಇವೆಲ್ಲವನ್ನು ತಮಾಷೆಯ ಸುದ್ದಿಯಾಗಿಯೇ ಹೆಚ್ಚು ಬರೆದವು.

ಇದು ತಮಾಷೆಯ ವಿಷಯವಲ್ಲ. ಹೆಣ್ಣುಮಕ್ಕಳ ಕಡೆಯಿಂದ ಲೆಕ್ಕ ಹಾಕಿದರೆ ಅವರ ನಿರ್ಧಾರಕ್ಕೆ ಗಟ್ಟಿ ಕಾರಣವಿದೆ. ಕರ್ನಾಟಕವು ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಕೊಡುವ ತಿದ್ದುಪಡಿಯನ್ನು 1994ರಲ್ಲಿಯೇ ತಂದಿತು, 2005ರಲ್ಲಿ ಅದು ದೇಶಕ್ಕೆಲ್ಲ ಬಂತು. ಕಾನೂನು ಹೀಗಿದ್ದರೂ ಅಣ್ಣತಮ್ಮಂದಿರ ಹೆಸರಿಗೆ ಹಕ್ಕು ಬಿಟ್ಟುಕೊಟ್ಟು ಸಹಿ ಹಾಕುವುದು ಇಂದಿಗೂ ತವರಿನ ಸಂಬಂಧ ಉಳಿಸಿಕೊಳ್ಳುವ ಷರತ್ತಿನಂತೆ ನಡೆದುಬಂದಿದೆ. ಗಂಡನ ಮನೆಯ ಪಹಣಿಯಲ್ಲಿಯೂ ಅವಳ ಹೆಸರಿರುವುದಿಲ್ಲ. ನಾಟಿ, ಕಳೆ, ಹಾಲು ಕರೆಯುವುದು, ಸಗಣಿ ಬಾಚುವುದು, ಎಲ್ಲವನ್ನೂ ತನ್ನದಲ್ಲದ ನೆಲದ ಮೇಲೆ ಮಾಡುವ ತಾಯಿಯನ್ನು ನೋಡುತ್ತಾ ಬೆಳೆದ ಹುಡುಗಿ ‘ಆರಂಬದ ಮನೆ ಬೇಡ’ ಎನ್ನುತ್ತಾಳೆ. ಹೆಚ್ಚಿನ ಮನೆಗಳಲ್ಲಿ ಹಾಗೆ ಮೊದಲು ಹೇಳುವವಳು ಆ ತಾಯಿಯೇ.

ಈ ಕೊರತೆಗೆ ಕರಾಳವಾದ ಇನ್ನೊಂದು ಮೂಲವೂ ಇದೆ. 2011ರಲ್ಲಿ ಮಂಡ್ಯದಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ 939 ಹೆಣ್ಣುಮಕ್ಕಳಿದ್ದರು. ರಾಜ್ಯದ ಸರಾಸರಿ 948. ಮಂಡ್ಯದ ಬಳಿಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ಭ್ರೂಣದ ಲಿಂಗ ಪತ್ತೆ ಮಾಡುತ್ತಿದ್ದ ಜಾಲವನ್ನು ಪೊಲೀಸರು ಬಯಲಿಗೆಳೆದದ್ದು 2023ರಲ್ಲಿ. ಬ್ರಹ್ಮಚಾರಿಗಳ ಪಾದಯಾತ್ರೆ ನಡೆದ ವರ್ಷವೇ ಅದು.

ಪರಿಣಾಮ ಹುಡುಗರ ಮೇಲೆ ನೇರವಾಗಿ ಬೀಳುತ್ತದೆ. ಮೂರು ಎಕರೆ ನೀರಾವರಿ ಜಮೀನಿರುವ ಹುಡುಗನಿಗಿಂತ, ಬೆಂಗಳೂರಿನಲ್ಲಿ ಬಾಡಿಗೆ ಕೋಣೆಯಲ್ಲಿದ್ದು ಕಡಿಮೆ ಸಂಬಳಕ್ಕೆ ದುಡಿಯುವವನಿಗೆ ಹೆಣ್ಣು ಸಿಗುವ ಸಾಧ್ಯತೆ ಹೆಚ್ಚು. ಹತ್ತನೇ ತರಗತಿಯ ಹುಡುಗನಿಗೂ ಇದು ತಿಳಿದಿರುತ್ತದೆ. ಬೇಸಾಯದ ಬಗ್ಗೆ ಆಸೆಯಿರುವ ಹುಡುಗ ಕೂಡ ಈ ಕಾರಣಕ್ಕಾಗಿ ಊರು ಬಿಡುತ್ತಾನೆ.

ಹಳ್ಳಿ ಎಲ್ಲರಿಗೂ ಒಂದೇ ಅಲ್ಲ

ಊರು ಬಿಡುವುದನ್ನು ನಷ್ಟವೆಂದಷ್ಟೇ ಬರೆಯುವವರು ಸಾಮಾನ್ಯವಾಗಿ ಊರಿನಲ್ಲಿ ನೆಲ ಇದ್ದವರ ಕಡೆಯವರು. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಮಾತನಾಡುತ್ತಾ ಅಂಬೇಡ್ಕರ್ ಹಳ್ಳಿಯನ್ನು ಸಂಕುಚಿತತೆಯ, ಅಜ್ಞಾನದ ಕೂಪವೆಂದು ಕರೆದದ್ದು ಸುಮ್ಮನೆ ಅಲ್ಲ. ಕೇರಿಯ ಹೆಸರಿನಿಂದ, ತಂದೆ ಯಾರ ಗದ್ದೆಯಲ್ಲಿ ದುಡಿಯುತ್ತಾನೆ ಎಂಬುದರಿಂದ ಗುರುತಿಸಿಕೊಳ್ಳುವ ಮಗುವಿಗೆ ಪಟ್ಟಣ ಕೊಡುವ ಮೊದಲ ವರವೆಂದರೆ ಅಪರಿಚಿತತೆ. ಆ ಮಗುವಿಗೆ ಹಳ್ಳಿಯ ಸೊಗಸಿನ ಬಗ್ಗೆ ಉಪದೇಶ ಮಾಡುವ ಹಕ್ಕು ಯಾರಿಗೂ ಇಲ್ಲ.

ವ್ಯಾನಿಗೆ ದುಡ್ಡು ಕಟ್ಟಲಾಗದೆ ಊರ ಸರ್ಕಾರಿ ಶಾಲೆಯಲ್ಲಿ ಉಳಿದಿರುವವರಲ್ಲಿ ಹೆಚ್ಚಿನವರು ಇಂಥ ಮನೆಗಳ ಮಕ್ಕಳೇ. ಹೋಗುವ ಶಕ್ತಿಯಿದ್ದವರು ಹೋಗಿಯಾದ ಮೇಲೆ, ಆ ಶಕ್ತಿಯಿಲ್ಲದವರ ಶಾಲೆಯ ಬಗ್ಗೆ ಈಗ ತೀರ್ಮಾನ ನಡೆಯುತ್ತಿದೆ.

ವಿಲೀನವಾದರೆ, ಆಗದಿದ್ದರೆ

ಸಣ್ಣ ಶಾಲೆಯ ಮಕ್ಕಳು ದೊಡ್ಡ ಶಾಲೆಗೆ ಹೋಗತೊಡಗಿದರೆ ಮೊದಲು ಏಳುವುದು ಬಸ್ಸಿನ ಪ್ರಶ್ನೆ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಚಿಂತೆಯಿಲ್ಲ, ಗಂಡುಮಕ್ಕಳಿಗೆ ರಿಯಾಯಿತಿ ಪಾಸಿದೆ. ಆದರೆ ಉಚಿತ ಟಿಕೆಟ್ ಇದ್ದ ಮಾತ್ರಕ್ಕೆ ಮುಖ್ಯರಸ್ತೆಯಿಂದ ಎರಡು ಕಿಲೋಮೀಟರ್ ಒಳಗಿರುವ ಕೊಪ್ಪಲಿಗೆ ಶಾಲೆಯ ಹೊತ್ತಿಗೆ ಬಸ್ಸು ಬರುವುದಿಲ್ಲ. ಆರು ವರ್ಷದ ಮಗು ಕಬ್ಬಿನ ಗದ್ದೆಗಳ ನಡುವಿನ ದಾರಿಯಲ್ಲಿ, ನಾಲೆಯ ಏರಿಯ ಮೇಲೆ ಒಂಟಿಯಾಗಿ ನಡೆದು ಹೋಗಲಾರದು. ಅದರ ಜೊತೆಗೆ ಹೋಗಬೇಕಾದ ತಾಯಿ ಆ ದಿನದ ಕೂಲಿ ಕಳೆದುಕೊಳ್ಳುತ್ತಾಳೆ. ಕೆಲವು ದಿನ ಮಗು ಹೋಗುವುದಿಲ್ಲ, ಹಾಗೆ ಹೋಗದ ದಿನಗಳು ಹೆಚ್ಚಾಗುತ್ತಾ ಹೋಗುತ್ತವೆ. ದೂರ ಹೆಚ್ಚಿದಾಗ ಮೊದಲು ನಿಲ್ಲುವವಳು ದೊಡ್ಡ ತರಗತಿಯ ಹುಡುಗಿ.

ಕಡಿಮೆ ಕಾಣುವ ಪರಿಣಾಮಗಳೂ ಇವೆ. ಬಿಸಿಯೂಟದ ಅಡುಗೆಯವರು ಅದೇ ಊರಿನ ಹೆಂಗಸರು, ಅವರ ಕೆಲಸ ಹೋಗುತ್ತದೆ. ಪೋಷಕರೇ ಸದಸ್ಯರಾಗಿರುವ ಶಾಲಾಭಿವೃದ್ಧಿ ಸಮಿತಿ ಬೇರೆ ಊರಿನ ಸಮಿತಿಯಾಗುತ್ತದೆ, ಮಧ್ಯಾಹ್ನ ಹೋಗಿ ಮೇಷ್ಟ್ರನ್ನು ಪ್ರಶ್ನಿಸುವ ಸಲಿಗೆ ಇಲ್ಲವಾಗುತ್ತದೆ.

ಹಾಗೆಂದು ಏನನ್ನೂ ಮುಟ್ಟದೆ ಬಿಟ್ಟರೆ ಶಾಲೆ ಉಳಿಯುತ್ತದೆಯೇ? ಉಳಿಯುವುದು ಕಟ್ಟಡ ಮಾತ್ರ. ಅತಿಥಿ ಶಿಕ್ಷಕರ ನೇಮಕಕ್ಕೆ ಕಾಯುತ್ತಾ ಜೂನ್ ಕಳೆಯುವ, ಐದು ತರಗತಿಗೆ ಏಳು ಮಕ್ಕಳಿರುವ ಶಾಲೆಯಲ್ಲಿ ಮಗುವಿಗೆ ಓರಗೆಯ ಗೆಳೆಯನೊಬ್ಬನೂ ಸಿಗುವುದಿಲ್ಲ. ನಾಲ್ಕನೇ ತರಗತಿಯವರೆಗಿನ ಮಕ್ಕಳನ್ನು ಊರಿನಲ್ಲಿಯೇ ಉಳಿಸಿ, ಅಂಗನವಾಡಿಗೆ ಹೊಂದಿಕೊಂಡಂತೆ ಎಲ್‌ಕೆಜಿ, ಯುಕೆಜಿಯನ್ನೂ ಅಲ್ಲಿಯೇ ಗಟ್ಟಿ ಮಾಡಿ, ಐದನೆಯಿಂದ ಮೇಲಿನವರಿಗೆ ಖಚಿತ ಬಸ್ಸಿನೊಂದಿಗೆ ದೊಡ್ಡ ಶಾಲೆ ಕೊಡುವುದು ಈ ಎರಡು ವಾದಗಳ ನಡುವೆ ಕಾಣುವ ಕೆಲಸದ ದಾರಿ. ಅದಕ್ಕೆ ಹಣ ಹೆಚ್ಚು ಬೇಕು, ಉದ್ಘಾಟನೆಗೆ ಕಟ್ಟಡ ಕಡಿಮೆ ಸಿಗುತ್ತದೆ. ಆದ್ದರಿಂದಲೇ ಅದು ಆಡಳಿತಕ್ಕೆ ಅಷ್ಟು ರುಚಿಸುವುದಿಲ್ಲ.

ಹೋಗುವ ದಾರಿ, ಬರುವ ದಾರಿ

ಹಿಂದೆಯೂ ಮಂಡ್ಯದ ಮಕ್ಕಳು ಊರು ಬಿಡುತ್ತಿದ್ದರು. ಮೈಸೂರಿನ ಹಾಸ್ಟೆಲುಗಳಲ್ಲಿದ್ದು, ಮಹಾರಾಜ ಕಾಲೇಜಿನಲ್ಲಿ ಓದಿ, ಮೇಷ್ಟ್ರಾಗಿಯೋ ವಕೀಲರಾಗಿಯೋ ತಮ್ಮ ತಾಲ್ಲೂಕಿಗೆ ಮರಳುತ್ತಿದ್ದವರು ಕಡಿಮೆಯಿರಲಿಲ್ಲ. ಓದಿದವನಿಗೆ ತಾಲ್ಲೂಕು ಕೇಂದ್ರದಲ್ಲಿಯೇ ಕೆಲಸವಿದ್ದ ಕಾಲ ಅದು. ಈಗ ಕೆಲಸಗಳು ಬೆಂಗಳೂರಿನ ಕಡೆಯ ಬಿಡದಿ, ಪೀಣ್ಯ, ಮೈಸೂರಿನ ಹೂಟಗಳ್ಳಿ, ಹೆಬ್ಬಾಳದಂಥ ಕೈಗಾರಿಕಾ ಪ್ರದೇಶಗಳಲ್ಲಿ ಒಟ್ಟುಗೂಡಿವೆ. 2023ರ ಮಾರ್ಚ್ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಉದ್ಘಾಟನೆಯಾದ 118 ಕಿಲೋಮೀಟರ್ ಉದ್ದದ ಬೆಂಗಳೂರು–ಮೈಸೂರು ಹೆದ್ದಾರಿ ಈ ಎರಡು ನಗರಗಳನ್ನು ಹತ್ತಿರ ತಂದಿತು. ನಡುವಿನ ಊರುಗಳನ್ನು ಅದು ಬೈಪಾಸ್ ಮಾಡಿತು. ಮದ್ದೂರು ವಡೆ, ಚನ್ನಪಟ್ಟಣದ ಗೊಂಬೆ ಮಾರುತ್ತಿದ್ದ ರಸ್ತೆಬದಿಯ ಅಂಗಡಿಗಳು ಗಿರಾಕಿಗಳನ್ನು ಕಳೆದುಕೊಂಡವು. ಅದೇ ವರ್ಷದ ಆಗಸ್ಟ್‌ನಿಂದ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ಮುಖ್ಯ ಪಥದಲ್ಲಿ ಪ್ರವೇಶವಿಲ್ಲ. ಹಳ್ಳಿಯವರ ಬಳಿ ಇರುವ ವಾಹನಗಳು ಬಹುತೇಕ ಇವೇ.

ಬೇಗ ಹೋಗುವ ದಾರಿ ಇದ್ದರೆ ಊರಿನಲ್ಲಿಯೇ ಇದ್ದುಕೊಂಡು ದಿನವೂ ಹೋಗಿಬರಬಹುದು ಎಂಬ ನಿರೀಕ್ಷೆ ಒಂದಿತ್ತು. ರೈಲಿನಲ್ಲಿ ಓಡಾಡುವ ಸಾವಿರಾರು ಜನ ಅದನ್ನು ಸ್ವಲ್ಪ ಮಟ್ಟಿಗೆ ನಿಜಮಾಡಿದ್ದಾರೆ. ಗಾರ್ಮೆಂಟ್ಸ್ ಕಾರ್ಖಾನೆಗಳ ವಾಹನಗಳಲ್ಲಿ ಮುಂಜಾನೆ ಹೊರಡುವ ಹೆಂಗಸರೂ ಹೀಗೆ ಊರಲ್ಲಿದ್ದೇ ಊರ ಹೊರಗೆ ದುಡಿಯುವವರು. ಅವರ ಮಕ್ಕಳನ್ನು ಏಳೂವರೆಯ ವ್ಯಾನಿಗೆ ಹತ್ತಿಸುವುದು ಅಜ್ಜಿ.

2011ರ ನಂತರ ನಡೆಯಬೇಕಿದ್ದ ಜನಗಣತಿ ಈಗ 2027ರ ಮಾರ್ಚ್ 1ನ್ನು ಆಧಾರ ದಿನವಾಗಿಟ್ಟುಕೊಂಡು ನಡೆಯಲಿದೆ. ಶೇ 2.38 ಎಂಬ ಹಳೆಯ ಅಂಕಿ ಆಗ ಬದಲಾಗುತ್ತದೆ, ಮಂಡ್ಯದಿಂದ ಎಷ್ಟು ಜನ ಹೋದರೆಂಬ ಚರ್ಚೆಗೆ ಹೊಸ ಸಂಖ್ಯೆ ಸಿಗುತ್ತದೆ. ಆ ದಿನ ಬೆಂಗಳೂರಿನ ಬಾಡಿಗೆ ಕೋಣೆಯಲ್ಲಿರುವ ಯುವಕನ ಪಡಿತರ ಚೀಟಿ, ಓಟು ಊರಿನಲ್ಲಿಯೇ ಇದ್ದರೂ ಅವನನ್ನು ಬೆಂಗಳೂರಿನವನೆಂದು ಬರೆದುಕೊಳ್ಳುತ್ತಾರೆ. ಏಳೂವರೆಗೆ ಹೋಗಿ ಸಂಜೆ ಐದಕ್ಕೆ ಹಿಂದಿರುಗುವ ಮಗು ಊರಿನಲ್ಲಿರುವವರ ಲೆಕ್ಕಕ್ಕೇ ಸೇರುತ್ತದೆ.